ತಟ್ಟಲೇ ಇಲ್ಲ

ತಂಗಿ ಮೂರು ಸಲ ತಟ್ಟಿದ್ದಳು. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವರು ಕೈಕಾಲು ತಿರುಚಿ ಸೋಲೊಪ್ಪಿಸುವ ಬಗೆಯ ಕುಸ್ತಿ ಕಲಿಯುತ್ತಿದ್ದ ಹಾಲ್‌ನಲ್ಲಿ ತಟ್ಟುವುದೆಂದರೆ ‘ಸೋತೆ, ಬಿಡು’ ಎಂದರ್ಥ. ಎದುರಾಳಿಯ ಅಂಗೈ ಮೈಮೇಲೆ ಬಿದ್ದ ತಕ್ಷಣ ಹಿಡಿತ ಸಡಿಲಿಸಬೇಕು. ಎಷ್ಟೇ ಹಗೆಯಿದ್ದರೂ ಬಿಡಲೇಬೇಕು. ಅಂದು ಅಕ್ಕ ಅವಳ ಬಲಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಬಾಗಿದ್ದಳು. ಅಕ್ಕನ ಎಡಗಾಲು ತಂಗಿಯ ಬಾಯಿಗೆ ಅಡ್ಡವಾಗಿತ್ತು. ಕೂಗಲು ಆಗಲಿಲ್ಲ. ಆ ಕಾಲಿನ ಮೀನಖಂಡದ ಮೇಲೆಯೇ ತಟ್ಟಿದಳು. ಒಂದು, ಎರಡು, ಮೂರು. ಅಕ್ಕ ಬಿಡಲಿಲ್ಲ. ಮೊಣಕೈ ಲಟಕ್ಕೆಂದಿತು.

“ತಟ್ಟಲೇ ಇಲ್ಲ,” ಎಂದಳು ಅಕ್ಕ, ಕೋಚ್ ಕೇಳಿದಾಗ. ಅಷ್ಟೇ. ಕೋಚ್ ಬೇರೆ ಜೋಡಿಯ ಕಡೆ ನೋಡುತ್ತಿದ್ದರು; ನಂಬಿದರು.

ಆಯ್ಕೆ ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು. ಇಬ್ಬರದೂ ಒಂದೇ ತೂಕ. ಇದ್ದದ್ದು ಒಂದೇ ಸ್ಥಾನ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಗಾದೆ ಕಟ್ಟಿದವರು ಅಕ್ಕತಂಗಿಯರನ್ನು ಯಾಕೆ ಕೈಬಿಟ್ಟರೋ!

ಆ ಸದ್ದು ತಂಗಿಯ ಬೆನ್ನು ಬಿಡಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಮೂರು. ಯಾರಾದರೂ ಬಾಗಿಲು ತಟ್ಟಿದರೆ ಮೂರು. ನಿದ್ದೆಯಲ್ಲಿ ಅವಳ ಎಡಗೈ ಹಾಸಿಗೆಗೆ ಬಡಿಯುತ್ತಿತ್ತಂತೆ. ಪಕ್ಕದ ಮಂಚದಿಂದ ಅಕ್ಕ ಎದ್ದು ಬಂದು ಆ ಕೈ ಹಿಡಿದುಕೊಂಡು ಕೂರುತ್ತಿದ್ದಳಂತೆ. ಅಮ್ಮ ಇದನ್ನು ಹೇಳಿದಾಗ ತಂಗಿಗೆ ಮೈಯೆಲ್ಲ ಉರಿಯಿತು. ಹೋಗಿ ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು.

ಅಕ್ಕನ ಉಪಚಾರಕ್ಕೆ ಮಾತ್ರ ಕೊನೆಯಿರಲಿಲ್ಲ. ಬಿಸಿನೀರಿನ ಚೀಲ ತುಂಬಿ ಮೊಣಕೈಗೆ ಶಾಖ ಕೊಡುವಳು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುವಳು. ಒಂದು ದಿನ ಕುದಿಯುವ ಚೀಲವನ್ನು ತನ್ನ ಎಡಪಾದದ ಮೇಲಿಟ್ಟುಕೊಂಡು ಹರಟುತ್ತಾ ಕೂತುಬಿಟ್ಟಳು. ಅಂಗೈಯಗಲ ಬೊಬ್ಬೆ ಎದ್ದಿತು.

“ನಿನಗೆ ಮೈಮೇಲೆ ಜ್ಞಾನ ಇದೆಯೇನೇ?” ಅಮ್ಮ ಗದರಿದಳು.

“ನೋಡ್ಲಿಲ್ಲಮ್ಮ,” ಎಂದು ಅಕ್ಕ ನಕ್ಕಳು.

ನಾಟಕ ಎಂದುಕೊಂಡಳು ತಂಗಿ.

ಆಯ್ಕೆ ಪಂದ್ಯದಲ್ಲಿ ಅಕ್ಕ ಮೊದಲ ಸುತ್ತಿನಲ್ಲೇ ಸೋತು ಬಂದಿದ್ದಳು. “ಕಾಲು ಎಲ್ಲಿಟ್ಟೆ ಅಂತ್ಲೇ ಗೊತ್ತಾಗ್ಲಿಲ್ಲ,” ಎಂದಿದ್ದಳು. ತಂಗಿಗೆ ಖುಷಿಯಾಗಿತ್ತು. ಆ ಖುಷಿಗೆ ಸ್ವಲ್ಪ ನಾಚಿಕೆಯೂ ಆಗಿತ್ತು.

ಆಸ್ಪತ್ರೆಯ ದಾರಿಯಲ್ಲಿ ಇನ್ನೊಂದು ದಿನ ಅಕ್ಕನ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವಳು ನಡೆಯುತ್ತಲೇ ಇದ್ದಳು.

“ಏನಮ್ಮಾ, ಒಂದೇ ಚಪ್ಪಲಿ ದಾನ ಮಾಡಿದ್ರೆ ನಾನೇನು ಮಾಡ್ಲಿ?” ರಸ್ತೆ ಬದಿಯಲ್ಲಿ ಕೂತಿದ್ದ ಬೀಗ ರಿಪೇರಿಯವನೊಬ್ಬ ಕೂಗಿದ.

ಮಾಡಿದ ಪಾಪ ತಲೆ ತಿನ್ನುತ್ತಿದೆ, ತಿನ್ನಲಿ ಎಂದುಕೊಂಡಳು ತಂಗಿ. ಅವಳಿಗೆ ಬೇಕಾಗಿದ್ದದ್ದು ಒಂದೇ. ತಟ್ಟಿದ ಮೇಲೂ ಬಿಡದಿದ್ದರೆ ಹೇಗಿರುತ್ತದೆಂದು ಅಕ್ಕನಿಗೂ ಗೊತ್ತಾಗಬೇಕು.

ಐದು ತಿಂಗಳಾದ ಮೇಲೆ ಡಾಕ್ಟರು ಒಪ್ಪಿಗೆ ಕೊಟ್ಟರು.

“ಇವತ್ತು ಹಗುರವಾಗಿ ಆಡು. ಜೋಡಿಗೆ ಯಾರು ಬೇಕು?” ಕೋಚ್ ಕೇಳಿದರು.

“ಅಕ್ಕನೇ ಇರಲಿ ಸರ್.”

ಅಕ್ಕನ ಕಣ್ಣು ತುಂಬಿಬಂತು. “ಕೋಪ ಹೋಯ್ತಾ?”

“ಬಾ, ನೋಡೋಣ.”

ಅಕ್ಕ ಬೇಕೆಂದೇ ಸೋತುಕೊಟ್ಟು ಮ್ಯಾಟಿನ ಮೇಲೆ ಬೋರಲು ಮಲಗಿದಳು. ತಂಗಿ ಅವಳ ತೊಡೆಗಳ ಮೇಲೆ ಕೂತು, ಎಡಪಾದವನ್ನು ಎರಡೂ ಕೈಯಿಂದ ಹಿಡಿದು ತಿರುಚಿದಳು. ಇನ್ನೇನು ತಟ್ಟುತ್ತಾಳೆ. ಒಂದು, ಎರಡು, ಮೂರು ಎಣಿಸಿ ಆಮೇಲೆಯೇ ಬಿಡುವುದು.

ಅಕ್ಕನ ಅಂಗೈ ಅಲುಗಲಿಲ್ಲ.

ಎಂಥ ಹಮ್ಮು! ಇನ್ನಷ್ಟು ತಿರುಚಿದಳು. ತನ್ನದೇ ಮೊಣಕೈ ಚುಳ್ಳೆಂದಿತು, ಕಣ್ಣೀರು ಇಳಿಯಿತು. ತಟ್ಟೇ, ಒಂದು ಸಲ ತಟ್ಟು, ಬಿಟ್ಟುಬಿಡ್ತೀನಿ ಎಂದು ಒಳಗೊಳಗೇ ಬೇಡಿಕೊಂಡಳು. ಹಲ್ಲು ಕಚ್ಚಿ ಮತ್ತೂ ತಿರುಚಿದಳು. ಹಿಡಿದಿದ್ದ ಕಾಲಿನೊಳಗೆ ಏನೋ ಲಟಕ್ಕೆಂದಿತು. ಪಾದ ಸಡಿಲವಾಗಿ ಒಂದು ಪಕ್ಕಕ್ಕೆ ವಾಲಿತು.

“ಯಾಕೇ ಸುಮ್ನೆ ಕೂತೆ?” ಮ್ಯಾಟಿಗೆ ಕೆನ್ನೆಯೊತ್ತಿ ಮಲಗಿದ್ದ ಅಕ್ಕ ಮೆಲ್ಲಗೆ ಕೇಳಿದಳು. “ಹೆದರ್ಬೇಡ ಕಣೇ. ಕಾಲು ಹಿಡಿ, ಶುರು ಮಾಡು.”