ಉಬ್ಬಿದ ರೊಟ್ಟಿ

ಕೆಂಡದ ಮೇಲಿನ ರೊಟ್ಟಿ ಉಬ್ಬತೊಡಗಿತು. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ ಮೆಕ್ಯಾನಿಕ್ ಜಿಯಾಉದ್ದೀನ್ ಉಸಿರು ಬಿಗಿಹಿಡಿದ. ಅಂಚಿನಲ್ಲೊಂದು ಗುಳ್ಳೆ ಎದ್ದಿತು, ನೋಡನೋಡುತ್ತಿದ್ದಂತೆ ರೊಟ್ಟಿಯಿಡೀ ಗಾಳಿ ಹೊಡೆದ ಟ್ಯೂಬಿನಂತೆ ದುಂಡಗಾಯಿತು. "ಮಹಮೂದಾ, ನೋಡೇ, ಎದ್ದಿತು" ಎಂದು ಕೂಗಿದ.

ಕಳಸದ ಘಾಟಿಯಲ್ಲಿ ಕೆಟ್ಟು ನಿಂತ ಯಾವ ಜೀಪನ್ನಾದರೂ ಎಬ್ಬಿಸುವ ಅವನಿಗೆ ಬೆಳಗಿನಿಂದ ಅಕ್ಕಿಹಿಟ್ಟು ಮಾತ್ರ ಬಗ್ಗಿರಲಿಲ್ಲ. ತಣ್ಣೀರಲ್ಲಿ ಕಲಸಿ, ಬಿರುಕು ಬಿಟ್ಟಲ್ಲೆಲ್ಲ ಗ್ರೀಸು ಬಳಿದಂತೆ ಎಣ್ಣೆ ಬಳಿದಿದ್ದ. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆಗೊರಗಿದ್ದ ಹೆಂಡತಿ ನಕ್ಕು ನಕ್ಕು, "ಕುದಿಯೋ ನೀರಿಗೆ ಹಿಟ್ಟು ಹಾಕಿ ಮಾರಾಯ್ರೆ" ಎಂದ ಮೇಲೆಯೇ ಹದ ಸಿಕ್ಕಿದ್ದು.

ಗೆದ್ದ ಹುಮ್ಮಸ್ಸಿನಲ್ಲಿ ರೊಟ್ಟಿಗೆ ಬೆಣ್ಣೆ ಸವರಿ ತಟ್ಟೆಯನ್ನು ಅವಳ ಮುಂದಿಟ್ಟ. "ತಿಂದು ಹೇಳು, ನಿನ್ನ ರೊಟ್ಟಿಯ ಹಾಗೇ ಇದೆಯಾ?"

ಮಹಮೂದಾ ಎಡಗೈಯಲ್ಲಿ ಒಂದು ಚೂರು ಮುರಿದಳು. ಹಬೆ ಮುಖಕ್ಕೆ ಬಡಿಯಿತು. ಊದಿ ಊದಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು.

"ಹೇಗೆ ಹೇಳಲಿ? ನಿಮಗೆಲ್ಲ ಸುಟ್ಟು ಬಡಿಸಿ ಕೊನೆಗೆ ತಣ್ಣಗಿದ್ದದ್ದು ತಿನ್ನೋಳು ನಾನು. ನನ್ನ ರೊಟ್ಟಿ ಬಿಸಿ ಬಿಸಿ ಹೇಗಿರ್ತದೆ ಅಂತ ನೀವೇ ಹೇಳಬೇಕು."

ಜಿಯಾಉದ್ದೀನ್ ತನ್ನ ಖಾಲಿ ತಟ್ಟೆಯನ್ನು ಬದಿಗೆ ಸರಿಸಿ, ಅವಳಿಗೆಂದು ಇನ್ನೊಂದು ಉಂಡೆ ತಟ್ಟತೊಡಗಿದ.