ಹಾಸಿಗೆಯಡಿಯ ಸ್ವಿಚ್ಚು

ಕೆರೆ ದಂಡೆಯ ಕ್ಯಾಂಪಿನಲ್ಲಿ ಕ್ಯಾರವಾನ್ ನಿಲ್ಲಿಸಿ ನಾನೂ ನನ್ನ ಗೆಳತಿ ಕುಸುಮಳೂ ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ಅವಳು ಈ ಗಾಡಿ ಹತ್ತಿದ್ದು ಇವತ್ತೇ ಮೊದಲು.

ಗಾಡಿ ನನ್ನ ಗಂಡನ ಕೈಕೆಲಸ. ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಮಂಚ, ಒಲೆ, ನಲ್ಲಿ ಎಲ್ಲವನ್ನೂ ಅವರೇ ಕೂರಿಸಿದ್ದರು. ನೀರಿನ ಪಂಪಿನ ಸ್ವಿಚ್ಚನ್ನು ಮಾತ್ರ ಹಾಸಿಗೆಯಡಿಯ ಹಲಗೆಯ ಹಿಂದೆ ಇಟ್ಟಿದ್ದರು. ಅದನ್ನು ಹಾಕದಿದ್ದರೆ ನಲ್ಲಿಯಲ್ಲಿ ಒಂದು ಹನಿಯೂ ಬರುವುದಿಲ್ಲ. ಹೋದ ವರ್ಷ ನಮ್ಮಣ್ಣ ಅರ್ಧ ಗಂಟೆ ಹುಡುಕಿ ಸೋತಿದ್ದ. ಏನನ್ನಾದರೂ ಮುಚ್ಚಿಡದೆ ಇವರಿಗೆ ಸಮಾಧಾನವಿಲ್ಲ.

"ಹೋದ ತಿಂಗಳು ಊರಿಗೆ ಹೋಗ್ತೀನಿ, ಗಾಡಿ ಎರಡು ದಿನ ಗ್ಯಾರೇಜಲ್ಲಿರುತ್ತೆ ಅಂದಿದ್ರು ಕಣೇ ಇವರು," ಎಂದೆ. "ನೋಡಿದ್ರೆ ಆ ಎರಡು ದಿನ ಇಲ್ಲೇ ಇದ್ರಂತೆ. ಕ್ಯಾಂಪಿನವರು ನಂಗೆ ಫೋನ್ ಮಾಡಿ, ಮೇಡಂ, ನಿಮ್ಮ ಟವೆಲ್ ಹಗ್ಗದ ಮೇಲೇ ಬಿಟ್ಟು ಹೋಗಿದೀರಿ ಅಂದ್ರು."

ಕುಸುಮ ನನ್ನ ಕೈ ಹಿಡಿದುಕೊಂಡಳು.

"ಯಾರು ಅಂತ ಗೊತ್ತಾಯ್ತಾ?"

"ಇಲ್ಲ. ಒಬ್ಬಳೇ ಬಂದು ವಿಚಾರಿಸೋಕೆ ಧೈರ್ಯ ಸಾಲ್ಲಿಲ್ಲ. ಅದಕ್ಕೇ ನಿನ್ನ ಕರ್ಕೊಂಡು ಬಂದೆ."

"ಒಳ್ಳೇದು ಮಾಡ್ದೆ. ನಾನಿದೀನಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವಳು ನನ್ನ ಕಣ್ಣೊರೆಸಿ ಎದ್ದಳು.

"ನೀನು ಸುಮ್ನೆ ಕೂತಿರು. ಟೀ ಮಾಡ್ಕೊಂಡು ಬರ್ತೀನಿ."

ಅವಳು ಒಳಗೆ ಹೋದ ಮೇಲೆ, ಪಂಪಿನ ಸ್ವಿಚ್ಚನ್ನು ನಾನಿನ್ನೂ ಹಾಕಿಲ್ಲವೆಂಬುದು ನೆನಪಾಯಿತು. ಎಲ್ಲಿದೆಯೆಂದು ಹೇಳಲು ಎದ್ದು ಬಾಗಿಲವರೆಗೆ ಹೋದೆ.

ಒಳಗೆ ಆಗಲೇ ನಲ್ಲಿಯ ನೀರು ಪಾತ್ರೆಗೆ ಬೀಳುತ್ತಿತ್ತು.