ಅರದ ಗೀರು

ಸದರ್ ಬಡಾವಣೆಯ ಮನೆಯೊಂದರಲ್ಲಿ ಸಿಡಿದ ಪಂಪ್ ಸ್ಟವ್ ಬಿಂದುಮಾಧವನ ಮೇಜಿನ ಮೇಲೆ ಹೊಟ್ಟೆ ಹರಿದುಕೊಂಡು ಬಿದ್ದಿತ್ತು. ಅದನ್ನು ಹೊತ್ತಿಸಿದ ಹೆಂಗಸು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

"ನಾ ಕೈಯಾರೆ ಮಾಡಿದ ಮೊದಲನೇ ಸ್ಟವ್ ವರ್ಷದಿಂದ ಮನ್ಯಾಗ ಉರೀಲಿಕ್ಕತ್ತದ. ನಿನ್ನ ಇತವಾರಿ ಪ್ಯಾಟಿ ಕಾರ್ಖಾನ್ಯಾಗ ಮಾಡಿದ್ದು ಸಿಡೀತಲ್ಲೋ ಶಂಕರಪ್ಪ!" ಅಂದ ಬಿಂದುಮಾಧವ.

ಲೇತ್ ಯಂತ್ರದಲ್ಲಿ ಅಂಥ ನೂರು ಸ್ಟವ್ ಮಾಡಿಕೊಟ್ಟಿದ್ದ ಶಂಕರಪ್ಪ ಸಿಡಿದದ್ದನ್ನು ಹತ್ತಿರ ಎಳೆದುಕೊಂಡ. ಒತ್ತಡ ಹೆಚ್ಚಾದಾಗ ಗಾಳಿ ಹೊರಬಿಡುವ ತೂತಿಗೆ ದಬ್ಬಳ ತೂರಿಸಿದ. ಸಿಡಿದದ್ದರಲ್ಲಿ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ಮೊದಲ ಸ್ಟವ್ವಿನಲ್ಲಿ ಸಲೀಸಾಗಿ ಇಳಿಯಿತು.

"ನೂರಕ್ಕ ನೂರೂ ನಿಮ್ಮ ನಕ್ಷೆಗೆ ಬರೋಬರ್ ಮಾಡೀನ್ರಿ, ರಾಯರ. ನಿಮ್ಮದ ಬ್ಯಾರೆ ಐತಿ."

ಬಿಂದುಮಾಧವ ತನ್ನ ಸ್ಟವ್ವಿನ ತೂತಿನ ಅಂಚಿಗೆ ಬೆರಳಿಟ್ಟ. ಅರದ ಗೀರುಗಳು ತಾಗಿದವು. ಐವತ್ತಾರನೇ ಇಸವಿಯ ದೀಪಾವಳಿಯಲ್ಲಿ ಗಾಳಿ ಸರಿಯಾಗಿ ಹೋಗುತ್ತಿಲ್ಲವೆಂದು ತಾನೇ ಅರದಿಂದ ಉಜ್ಜಿ ಅದನ್ನು ಅಗಲ ಮಾಡಿದ್ದ. ನಕ್ಷೆಯಲ್ಲಿ ತಿದ್ದಿರಲಿಲ್ಲ.

ಶಂಕರಪ್ಪನಿಗೆ ತೋರಿಸಲೆಂದೇ ಇವತ್ತು ಈ ಸ್ಟವ್ವನ್ನು ಮನೆಯಿಂದ ಎತ್ತಿಕೊಂಡು ಬಂದಿದ್ದ. ಹೆಂಡತಿ ತುಂಗಾಳ ಮುಂದೆ ಅದರ ಬದಲಿಗೆ ಆ ನೂರರಲ್ಲಿ ಒಂದನ್ನಿಟ್ಟು, "ಹೆದರಬ್ಯಾಡ, ಕೆಟ್ಟದ್ದು ಅದೊಂದ. ನಾಲ್ಕಕ್ಕ ಚಹಾ ಇಡು," ಅಂದಿದ್ದ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಐದು ನಿಮಿಷವಾಗಿತ್ತು.